ದಂತಚಿಕಿತ್ಸೆಯ ಅರಿವಳಿಕೆಯೂ ನರದ ಗಾಯವೂ

ಪುಣೆಯಲ್ಲಿ ಹಲ್ಲಿನ ವೈದ್ಯರು ಸೂಜಿಮದ್ದು ಚುಚ್ಚಿ ಕೆಲವು ನಿಮಿಷಗಳಾದ ಮೇಲೆ ‘ಜೀಭ ಬಧಿರ ಝಾಲೀ ಕಾ?’ ಎಂದು ಕೇಳುವುದುಂಟು. ಕನ್ನಡ ಕಿವಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ನಮ್ಮಲ್ಲಿ ಬಧಿರನೆಂದರೆ ಕಿವುಡನು. ಮರಾಠಿಯಲ್ಲಿಯಾದರೋ ಈ ಸಂಸ್ಕೃತ ಶಬ್ದವು ಮರಗಟ್ಟಿದ ಅಂಗಕ್ಕೂ ಸಲ್ಲುತ್ತದೆ. ಅರಿವಳಿಕೆಗೇ ಅಲ್ಲಿ ‘ಬಧಿರೀಕರಣ’ವೆಂದು ಹೆಸರು. ಕೆಲವು ವರ್ಷಗಳ ಹಿಂದೆ, ಕೆಳದವಡೆಯ ಹಲ್ಲಿನ ಚಿಕಿತ್ಸೆಯಾದ ಬಳಿಕ, ನನ್ನ ನಾಲಗೆಯ ಬಲಭಾಗವು ಹತ್ತು ವಾರ ಮರಗಟ್ಟಿಯೇ ಉಳಿಯಿತು. ಆಗ ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ.

1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರನು ಕಣ್ಣಿಗೆ ಕೊಕೇನ್ ಹಾಕಿ ಅದನ್ನು ಮರಗಟ್ಟಿಸಬಹುದೆಂದು ತೋರಿಸಿದನು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಹಾಲ್‌ಸ್ಟೆಡ್ ಮತ್ತು ಹಾಲ್ ಎಂಬ ವೈದ್ಯರು ಕೆಳದವಡೆಯ ನರದ ಬಳಿ ಅದನ್ನು ಚುಚ್ಚಿದರು. ಚಟ ಹಿಡಿಸುವ ಕೊಕೇನಿನ ಸ್ಥಾನಕ್ಕೆ 1905ರಲ್ಲಿ ಪ್ರೊಕೇನ್ ಬಂದಿತು. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಸಿದ್ಧಪಡಿಸಿದ ಲಿಡೊಕೇನ್ ಇಂದಿಗೂ ಬಳಕೆಯಲ್ಲಿದೆ.

ಮೇಲ್ದವಡೆಯ ಎಲುಬು ತೆಳುವಾದುದರಿಂದ ಹಲ್ಲಿನ ಪಕ್ಕದಲ್ಲಿ ಚುಚ್ಚಿದ ಮದ್ದು ಒಳಗೆ ಇಳಿಯುತ್ತದೆ. ಕೆಳದವಡೆಯ ಹಿಂಭಾಗದ ಎಲುಬು ದಟ್ಟವಾದುದು. ಆದುದರಿಂದ ನರವು ಎಲುಬನ್ನು ಹೊಗುವ ಸ್ಥಳದಲ್ಲಿಯೇ ಮದ್ದನ್ನು ಬಿಡಬೇಕಾಗುತ್ತದೆ. ಅಲ್ಲಿ ಎರಡು ನರಗಳು ಸಮೀಪದಲ್ಲಿವೆ: ಒಂದು ಕೆಳಹಲ್ಲು, ಕೆಳತುಟಿ, ಗದ್ದಗಳ ಸ್ಪರ್ಶವನ್ನು ಒಯ್ಯುವುದು, ಇನ್ನೊಂದು ಜಿಹ್ವಾನರ. ನಾಲಗೆಯ ಮುಂದಿನ ಮೂರರಲ್ಲಿ ಎರಡು ಪಾಲಿನ ಸ್ಪರ್ಶವೂ ರುಚಿಯ ತಂತುಗಳೂ ಇದರೊಡನೆ ಸಾಗುತ್ತವೆ. ವೈದ್ಯನಿಗೆ ಈ ನರಗಳು ಕಾಣುವುದಿಲ್ಲ. ಎಲುಬಿನ ಗುರುತುಗಳನ್ನು ನಂಬಿ ಅವನು ಸೂಜಿಯನ್ನು ನಡೆಸುತ್ತಾನೆ.

ಗಾಯವು ಹೆಚ್ಚಾಗಿ ಜಿಹ್ವಾನರಕ್ಕೇ ಆಗುತ್ತದೆ. ಬಾಯಿ ಅಗಲವಾಗಿ ತೆರೆದಾಗ ಅದು ಬಿಗಿದು ನಿಲ್ಲುವುದರಿಂದ ಸೂಜಿಯಿಂದ ಸರಿದುಕೊಳ್ಳಲಾರದು. ಸೂಜಿಯ ಮೊನೆ ತಗಲುವುದು, ನರದ ಹೊದಿಕೆಯೊಳಗೆ ರಕ್ತ ಒಸರಿ ಒತ್ತುವುದು, ಮದ್ದೇ ತಂತುಗಳಿಗೆ ವಿಷವಾಗುವುದು ಎಂದು ಮೂರು ಕಾರಣಗಳನ್ನು ಹೇಳುತ್ತಾರೆ. ಶೇಕಡಾ 4ರ ಆರ್ಟಿಕೇನ್, ಪ್ರಿಲೊಕೇನ್ ದ್ರಾವಣಗಳ ಮೇಲೆ ಸಂಶಯ ಹೆಚ್ಚು. ಆ ವಿಷಯದಲ್ಲಿ ವಾದವಿನ್ನೂ ಮುಗಿದಿಲ್ಲ.

ಸಾಮಾನ್ಯವಾಗಿ ಜೋಮು ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ವಾರಗಟ್ಟಲೆ ಉಳಿಯುವುದು ಅತಿ ವಿರಳ: ಅಂದಾಜುಗಳು 26 ಸಾವಿರ ಚುಚ್ಚುಗಳಿಗೆ ಒಂದರಿಂದ ಏಳೆಂಟು ಲಕ್ಷಕ್ಕೆ ಒಂದರವರೆಗೆ ಹರಡಿವೆ. ಬ್ಯಾಂಕಿನ ಲೆಕ್ಕದಲ್ಲಿ ಇಂತಹ ಅಂಶವನ್ನು ಬಿಟ್ಟುಬಿಡುತ್ತೇವೆ. ಆದರೆ ಬಿಸಿ ಚಹದಿಂದ ನಾಲಗೆ ಸುಟ್ಟುದು ತಿಳಿಯದೆ, ‘ಳ’ಕಾರ ‘ಣ’ಕಾರಗಳು ತೊದಲಿ, ಊಟದ ನಡುವೆ ರಕ್ತದ ವಾಸನೆಯಿಂದ ಕಚ್ಚಿಕೊಂಡುದನ್ನು ಅರಿಯುವವನಿಗೆ ಅದು ಸಣ್ಣ ಅಂಶವಲ್ಲ.

ಗಾಯಗೊಂಡವರಲ್ಲಿ ಹೆಚ್ಚಿನವರು ಎರಡು ಮೂರು ತಿಂಗಳಲ್ಲಿ ಗುಣಮುಖರಾಗುತ್ತಾರೆ. ಕೆಲವರಿಗೆ ಮಾತ್ರ ದೋಷವು ನಿಲ್ಲುತ್ತದೆ. ಮರುದಿನವೂ ಜೋಮು ಇಳಿಯದಿದ್ದರೆ ವೈದ್ಯರಿಗೆ ತಿಳಿಸತಕ್ಕುದು. ಅವರು ಮರಗಟ್ಟಿದ ಎಲ್ಲೆಯನ್ನು ಗುರುತಿಸಿ, ಮುಂದಿನ ಭೇಟಿಗಳಲ್ಲಿ ಹೋಲಿಸಿ ನೋಡುತ್ತಾರೆ. ಸುಧಾರಣೆ ಕಾಣದಿದ್ದರೆ ಬಾಯಿಯ ಶಸ್ತ್ರವೈದ್ಯರ ಸಲಹೆ ಬೇಕು.

ಇಲ್ಲಿ ಮಾತು ಸ್ಪಷ್ಟವಾಗಿರಬೇಕು. ಸ್ಪರ್ಶವೇ ಇಲ್ಲದಿರುವುದು, ಇರುವೆ ಹರಿದಂತಾಗುವುದು, ಮುಟ್ಟಿದರೆ ಉರಿಯುವುದು ಈ ಮೂರೂ ಬೇರೆ ಬೇರೆ. ಉರಿಗೆ ಔಷಧ ಬೇಕಾಗಬಹುದು. ಮೊದಲನೆಯದಕ್ಕೆ ಮರಾಠಿಯಲ್ಲಿ ‘ಬಧಿರ’, ಎರಡನೆಯದಕ್ಕೆ ‘ಮುಂಗ್ಯಾ ಯೇಣೆ’ ಎನ್ನುವರು. ನಾನು ಮೊದಲು ಎರಡಕ್ಕೂ ‘ಜೋಮು’ ಎಂದೇ ಹೇಳಿ ವೈದ್ಯರನ್ನು ಗೊಂದಲಕ್ಕೀಡುಮಾಡಿದೆನು. ಎಂಟನೆಯ ವಾರದಲ್ಲಿ ‘ಮುಂಗ್ಯಾ ಬಂದಿವೆ’ ಎಂದಾಗ ಅವರ ಮುಖ ಅರಳಿತು. ನರವು ಚೇತರಿಸಿಕೊಳ್ಳುವಾಗ ಹಲವೊಮ್ಮೆ ಮೊದಲು ಬರುವುದು ಆ ಇರುವೆಗಳೇ.