ಹಿರಿಯರ ರಕ್ತದೊತ್ತಡವನ್ನು ಮನೆಯಲ್ಲಿ ಅಳೆಯುವ ಕ್ರಮ



ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವ ಕ್ರಮ ತಮಗೆಲ್ಲ ತಿಳಿದಿದೆ. ಗೊಬ್ಬರದ ಗುಂಡಿಯ ಬದಿಯ ಒಂದು ಹಿಡಿ ಮಣ್ಣು ಕಳುಹಿಸಿದರೆ ಇಡೀ ಗದ್ದೆಯ ಗುಣ ತಿಳಿಯದು. ಎಂಟು ಹತ್ತು ಕಡೆ ಮಣ್ಣು ತೆಗೆದು, ಬೆರೆಸಿ ಕಳುಹಿಸಬೇಕು. ಮನೆಯ ಹಿರಿಯರ ರಕ್ತದೊತ್ತಡದ ವಿಷಯವೂ ಹೀಗೆಯೇ. ಆಸ್ಪತ್ರೆಯಲ್ಲಿ ಒಂದು ದಿನ ಒಂದು ಸಲ ಅಳೆದುದರಿಂದ ಅದರ ನಿಜಸ್ಥಿತಿ ಪೂರ್ತಿ ತಿಳಿಯುವುದಿಲ್ಲ.

ಹೃದಯವು ಒಂದು ಪಂಪು. ಅದು ರಕ್ತವನ್ನು ಒತ್ತಿ ದೂಡುವಾಗಿನ ಒತ್ತಡ ಮೇಲಿನ ಅಂಕಿ. ಸಡಿಲವಾದಾಗಿನ ಒತ್ತಡ ಕೆಳಗಿನ ಅಂಕಿ. ಪ್ರಾಯ ಸಂದಂತೆ ರಕ್ತನಾಳಗಳು ಹಳೆಯ ರಬ್ಬರ್ ಪೈಪಿನಂತೆ ಗಡುಸಾಗುತ್ತವೆ. ಆದುದರಿಂದ ಹಿರಿಯರಲ್ಲಿ ಮೇಲಿನ ಅಂಕಿ ಏರುವುದೂ, ಹೊತ್ತಿನಿಂದ ಹೊತ್ತಿಗೆ ಹೆಚ್ಚುಕಡಿಮೆಯಾಗುವುದೂ ಸಾಮಾನ್ಯ.

ಕೊಲ್ಲೂರು, ಅಮಾಸೆಬೈಲಿನ ಕಡೆಯಿಂದ ಬಸ್ಸು ಹಿಡಿದು, ಸಾಲಿನಲ್ಲಿ ಕಾದು, ಗಾಬರಿಯಿಂದ ಡಾಕ್ಟರ ಮುಂದೆ ಕುಳಿತವರ ಒತ್ತಡ ಏರಿರುವುದು ಸಹಜ. ಕೆಲವರಲ್ಲಿ ಇದಕ್ಕೆ ವಿರುದ್ಧವಾಗಿ, ಆಸ್ಪತ್ರೆಯಲ್ಲಿ ಸರಿಯಿದ್ದು ಮನೆಯಲ್ಲಿ ಹೆಚ್ಚಿರುತ್ತದೆ. ಇದು ಗುಪ್ತವಾಗಿ ಉಳಿದು ಪಾರ್ಶ್ವವಾಯುವಿಗೆ ದಾರಿಯಾಗಬಹುದು.

ನನ್ನ ಅಮ್ಮಮ್ಮನಿಗೆ ಆಸ್ಪತ್ರೆಯಲ್ಲಿ 168/90 ಬಂದಿತ್ತು. "ಆಸ್ಪತ್ರಿಗ್ ಹೋಪ್ದ್ ಅಂದ್ರೇ ಎದಿ ಹೊಡ್ಕಂತ್ ಮಗಾ" ಎಂದರು. ಒಂದು ವಾರ ಮನೆಯಲ್ಲಿ ಅಳೆದಾಗ ಸರಾಸರಿ 131/74. ಎದ್ದು ನಿಂತಾಗ ಮೇಲಿನ ಅಂಕಿ 106. ಬೆಳಿಗ್ಗೆ ಎದ್ದೊಡನೆ ತಲೆ ತಿರುಗಿ ಒಮ್ಮೆ ಬಿದ್ದುದರ ಕಾರಣ ಆಗ ತಿಳಿಯಿತು. ಬರೆದಿಟ್ಟ ಹಾಳೆಯನ್ನು ನೋಡಿದ ಡಾಕ್ಟರು ಗುಳಿಗೆ ಹೆಚ್ಚಿಸಲಿಲ್ಲ, ಇದ್ದುದನ್ನೇ ಬದಲಿಸಿದರು. ಗುಳಿಗೆ ಹೆಚ್ಚಾಗಿದ್ದರೆ ಮತ್ತೊಮ್ಮೆ ಬಿದ್ದು ಸೊಂಟ ಮುರಿಯುವ ಭಯವಿತ್ತು.

ಅಳೆಯುವ ಕ್ರಮ ಹೀಗಿದೆ:

1. ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಉತ್ತಮ; ಮಣಿಕಟ್ಟಿನದು ಬೇಡ. ಪಟ್ಟಿಯು ತೋಳಿನ ಗಾತ್ರಕ್ಕೆ ತಕ್ಕಂತಿರಬೇಕು. ಚಿಕ್ಕದಾದರೆ ಅಂಕಿ ಹೆಚ್ಚಾಗಿ ಬರುತ್ತದೆ.

2. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಚಹಾ, ಬೀಡಿ, ಹೊಗೆಸೊಪ್ಪು ಕೂಡದು. ಮೂತ್ರ ವಿಸರ್ಜನೆ ಮಾಡಿ ಬರಬೇಕು.

3. ಬೆನ್ನಿಗೆ ಆಧಾರವಿರುವ ಕುರ್ಚಿಯಲ್ಲಿ, ಪಾದಗಳನ್ನು ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ, ಐದು ನಿಮಿಷ ಸುಮ್ಮನೆ ಕುಳಿತಿರಬೇಕು.

4. ಬರಿಯ ತೋಳಿಗೆ ಪಟ್ಟಿ ಸುತ್ತಿ, ತೋಳು ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲಿಡಬೇಕು. ಅಳೆಯುವಾಗ ಮಾತು ಬೇಡ.

5. ಬೆಳಿಗ್ಗೆ ಗುಳಿಗೆ, ತಿಂಡಿಗಳಿಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು ಅಳೆಯಬೇಕು. ಹೀಗೆ ಏಳು ದಿನ. ಮೊದಲ ದಿನದ್ದನ್ನು ಬಿಟ್ಟು, ಉಳಿದ 24 ಸಲದ ಸರಾಸರಿ ತೆಗೆಯಬೇಕು.

6. ಒಂದೆರಡು ದಿನ ಎದ್ದು ನಿಂತ ಒಂದನೆಯ ಮತ್ತು ಮೂರನೆಯ ನಿಮಿಷದಲ್ಲೂ ಅಳೆಯಬೇಕು. ಆಗ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಮೇಲಿನ ಅಂಕಿ 20, ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ತಿಳಿಸಿರಿ.

ಆಸ್ಪತ್ರೆಯಲ್ಲಿ 140/90 ಆದರೆ ಹೆಚ್ಚೆಂದು ಎಣಿಸುತ್ತಾರೆ. ಮನೆಯ ಸರಾಸರಿಗೆ ಆ ಗಡಿ 135/85. ಎರಡರಲ್ಲಿ ಒಂದು ಅಂಕಿ ಮೀರಿದರೂ ಡಾಕ್ಟರಿಗೆ ತೋರಿಸತಕ್ಕದ್ದು. ಆದರೆ ಅಂಕಿ ನೋಡಿ ತಾವಾಗಿಯೇ ಗುಳಿಗೆ ಬಿಡುವುದಾಗಲಿ ಹೆಚ್ಚಿಸುವುದಾಗಲಿ ಸರ್ವಥಾ ಕೂಡದು. 180/120 ಮುಟ್ಟಿದರೆ ಐದು ನಿಮಿಷ ವಿಶ್ರಮಿಸಿ ಮತ್ತೆ ಅಳೆಯಿರಿ. ಇಳಿಯದಿದ್ದರೆ ಅಂದೇ ಡಾಕ್ಟರನ್ನು ಕಾಣಿರಿ. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಕಾಲು ಸೋಲುವುದು ಕಂಡರಂತೂ ಅಂಕಿಗಾಗಿ ಕಾಯದೆ 108ಕ್ಕೆ ಕರೆಮಾಡಿರಿ.

ಗೃಹ ಆರೋಗ್ಯ ಯೋಜನೆಯು 2024ರಲ್ಲಿ ಕೋಲಾರದಲ್ಲಿ ಆರಂಭವಾಗಿ, 2025ರಲ್ಲಿ ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಮನೆಬಾಗಿಲಿಗೆ ಬಂದು ರಕ್ತದೊತ್ತಡ ನೋಡುವುದು ಅದರ ಒಂದು ಕೆಲಸ. ಇದು ಬಹಳ ಉಪಕಾರಿ. ಆದರೂ ಅದೂ ಒಂದು ದಿನದ ಅಂಕಿಯೇ. ಉಳಿದ ದಿನಗಳದ್ದು ಮನೆಯವರ ಹೊಣೆ. ಮನೆಗೊಂದು ಯಂತ್ರ ಕೊಳ್ಳಲು ಅನುಕೂಲವಿಲ್ಲದಿದ್ದರೆ, ಸ್ವಸಹಾಯ ಸಂಘದ ಹತ್ತು ಮನೆಯವರು ಸೇರಿ ಒಂದು ಕೊಂಡು ಸರದಿಯಂತೆ ಬಳಸಬಹುದು. ವರ್ಷಕ್ಕೊಮ್ಮೆ ಅದನ್ನು ಆಸ್ಪತ್ರೆಗೆ ಒಯ್ದು, ಅಲ್ಲಿಯ ಯಂತ್ರದೊಡನೆ ತಾಳೆ ನೋಡಿಸಿರಿ. ಶಾಲೆಗೆ ಹೋಗುವ ಮಕ್ಕಳು ಅಜ್ಜಯ್ಯ, ಅಮ್ಮಮ್ಮನ ಅಂಕಿಗಳನ್ನು ತಾರೀಕು, ವೇಳೆ ಸಮೇತ ಬರೆದಿಡಲಿ.

ಹಾಲಿನ ಲೆಕ್ಕವನ್ನು ದಿನವೂ ಬರೆದಿಡುವ ನಾವು, ಮನೆಯ ಹಿರಿಯರಿಗಾಗಿ ಏಳು ದಿನ ಲೆಕ್ಕ ಬರೆಯುವುದು ಕಷ್ಟವಲ್ಲ. ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಆ ಹಾಳೆ ತಪ್ಪದೆ ಜೊತೆಗಿರಲಿ.