ಕಾರ್ಖಾನೆ ಮುಚ್ಚಿದರೂ ಓಡುವ ಜಾವಾ: ಹಳೆಯ ಟೂ-ಸ್ಟ್ರೋಕ್ ಬೈಕಿನ ಪುನರುಜ್ಜೀವನ ಮತ್ತು ಅದರ ಲೆಕ್ಕಾಚಾರ

ಕಾರ್ಖಾನೆಯೊಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಅದು ತಯಾರಿಸಿದ ಸರಕಿನ ಆಯುಷ್ಯ ಮುಗಿಯುವುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಇದಕ್ಕೆ ಉತ್ತಮ ನಿದರ್ಶನ. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯೊಂದಿಗೆ 1960ರಲ್ಲಿ ಸ್ಥಾಪನೆಗೊಂಡ ಈ ಉದ್ದಿಮೆ 1961ರಲ್ಲಿ ಉತ್ಪಾದನೆ ಆರಂಭಿಸಿತು. 1970ರ ದಶಕದಲ್ಲಿ ಬೈಕುಗಳ ಮೇಲಿನ ಹೆಸರು ಯೆಜ್ದಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಅಭಿಮಾನಿಗಳು ಆಚರಿಸುವ ಜಾವಾ-ಯೆಜ್ದಿ ದಿನದಂದು ಬೆಂಗಳೂರಿನ ರಸ್ತೆಗಳಲ್ಲಿ ಈ ಬೈಕುಗಳ ಸಾಲನ್ನು ಇಂದಿಗೂ ಕಾಣಬಹುದು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಎಂಬ ಹೆಸರುಗಳು ಮಾರುಕಟ್ಟೆಗೆ ಮರಳಿದವು. ಆದರೆ ಅವು ಫೋರ್-ಸ್ಟ್ರೋಕ್ ಎಂಜಿನ್ನಿನ ಹೊಸ ವಾಹನಗಳು. ಅವುಗಳ ಪಿಸ್ಟನ್ನಾಗಲಿ ಕ್ರ್ಯಾಂಕ್ ಆಗಲಿ ಹಳೆಯ ಬೈಕಿಗೆ ಹೊಂದುವುದಿಲ್ಲ. ಹಾಗಾಗಿ ಹಳೆಯ ಜಾವಾ ಉಳಿದಿರುವುದು ಲೇತ್ ಮೆಷಿನ್ನಿನ ಟರ್ನರ್, ಬೋರಿಂಗ್ ಅಂಗಡಿ, ರಬ್ಬರ್ ಅಚ್ಚಿನವರು, ಪ್ಲೇಟಿಂಗ್ ಘಟಕ ಮತ್ತು ಬಿಡಿಭಾಗದ ವರ್ತಕರಿಂದ. ಮನೆಯ ಶೆಡ್ಡಿನಲ್ಲಿ ನಿಂತುಹೋದ ಬೈಕನ್ನು ಮತ್ತೆ ಓಡಿಸಬೇಕೆನ್ನುವವರ ಸಂಖ್ಯೆ ದೊಡ್ಡದಿದೆ. ಅವರಲ್ಲಿ ಅನೇಕರು ಅರ್ಧದಲ್ಲೇ ಕೈಬಿಡುತ್ತಾರೆ. ಇದಕ್ಕೆ ಕಾರಣ ಹಣದ ಕೊರತೆಗಿಂತ ಹೆಚ್ಚಾಗಿ ಕೆಲಸದ ಅನುಕ್ರಮ ತಪ್ಪುವುದು.

ಮೊದಲು ಕಾಗದಪತ್ರ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ನೋಂದಣಿ ಪ್ರಮಾಣಪತ್ರವನ್ನು, ಅಂದರೆ ಆರ್.ಸಿ.ಯನ್ನು, ಪರಿಶೀಲಿಸಬೇಕು. ಅದರಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ವಾಹನದ ಮೇಲೆ ಕೆತ್ತಿರುವ ಸಂಖ್ಯೆಗಳೊಂದಿಗೆ ತಾಳೆಯಾಗಬೇಕು. ಹಿಂದೆ ಯಾರೋ ಎಂಜಿನ್ ಬದಲಿಸಿ ಅದನ್ನು ಆರ್.ಸಿ.ಯಲ್ಲಿ ದಾಖಲಿಸದೆ ಬಿಟ್ಟಿದ್ದರೆ, ಎಷ್ಟೇ ಚೆನ್ನಾಗಿ ದುರಸ್ತಿ ಮಾಡಿದರೂ ವಾಹನವನ್ನು ನ್ಯಾಯವಾಗಿ ರಸ್ತೆಗಿಳಿಸುವುದು ಕಷ್ಟ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ನೋಂದಣಿಯ ಅವಧಿ ಮೊದಲು 15 ವರ್ಷ. ಅನಂತರ ನಮೂನೆ 25ರ ಮೂಲಕ ಐದೈದು ವರ್ಷಗಳಿಗೆ ನವೀಕರಣ.

50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮಗಳನ್ನು ತಂದಿತು. ಹೊಸದಾಗಿ ನೋಂದಾಯಿಸಲು 20,000 ರೂ. ಶುಲ್ಕ, ಹತ್ತು ವರ್ಷಗಳ ಅವಧಿ ಎಂದು ಅದು ನಿಗದಿಪಡಿಸಿತು. ಚಾಸಿಸ್, ಹೊರಮೈ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ದುರಸ್ತಿಯಂತಹ ಉದ್ದೇಶಗಳಿಗಷ್ಟೇ ಇಂಥ ವಾಹನವನ್ನು ರಸ್ತೆಗೆ ತರಬಹುದು. ದಿನನಿತ್ಯ ಅಂಗಡಿಗೆ ಹೋಗಿಬರಲು ಬೈಕು ಬೇಕೆನ್ನುವವರಿಗೆ ಈ ದಾರಿ ಒಗ್ಗದು. ಅವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು.

ಎಂಜಿನ್ ಮೊದಲು, ಹೊಳಪು ಕೊನೆಗೆ

ಸಾಮಾನ್ಯವಾಗಿ ಹಣ ಮೊದಲು ಹರಿಯುವುದು ಕ್ರೋಮ್ ಮತ್ತು ಬಣ್ಣದ ಕಡೆಗೆ. ಟ್ಯಾಂಕು ಹೊಳೆಯುತ್ತದೆ, ಮನೆಮಂದಿಗೆ ಸಂತೋಷವಾಗುತ್ತದೆ. ಎಂಜಿನ್ನಿನ ಸರದಿ ಬರುವಷ್ಟರಲ್ಲಿ ಕೈ ಬರಿದಾಗಿರುತ್ತದೆ. ಈ ಅನುಕ್ರಮ ತಲೆಕೆಳಗಾಗಬೇಕು.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೊಳಗಾಗಿ, ಬಳಿಕ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳೇ ಇದರ ಜೀವಾಳ. ಹತ್ತಾರು ವರ್ಷ ನಿಂತ ಬೈಕಿನಲ್ಲಿ ಈ ರಬ್ಬರ್ ಸೀಲುಗಳು ಗಟ್ಟಿಯಾಗಿ ಬಿರಿದಿರುತ್ತವೆ. ಒಂದು ಬದಿಯ ಸೀಲು ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ತಗ್ಗಿ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಕ್ಲಚ್ ಬದಿಯ ಸೀಲು ಸೋರಿದರೆ ಗೇರ್ ಆಯಿಲ್ ಒಳಕ್ಕೆ ಸೆಳೆಯಲ್ಪಟ್ಟು ದಟ್ಟ ಬಿಳಿ ಹೊಗೆ ಬರುತ್ತದೆ. ಕಡಿಮೆ ಬೆಲೆಯ ಈ ಸೀಲನ್ನು ಕಡೆಗಣಿಸಿದರೆ ಬೋರಿಂಗ್ ಮತ್ತು ಪಿಸ್ಟನ್ನಿನ ವೆಚ್ಚ ಎರಡನೆಯ ಬಾರಿ ತಲೆಮೇಲೆ ಬೀಳುತ್ತದೆ.

ಜಾವಾ 250ರ ಸಿಲಿಂಡರಿನ ಮೂಲ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಸವೆದ ಸಿಲಿಂಡರನ್ನು ಹಂತಹಂತವಾಗಿ ದೊಡ್ಡದು ಮಾಡಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕುವುದು ರೂಢಿ. ಇಲ್ಲಿ ಒಂದು ನಿಯಮವನ್ನು ಮೀರಬಾರದು: ಪಿಸ್ಟನ್ ಕೈಗೆ ಬಂದ ನಂತರವೇ ಸಿಲಿಂಡರನ್ನು ಬೋರಿಂಗಿಗೆ ಕೊಡಬೇಕು. ಟರ್ನರ್ ಆ ಪಿಸ್ಟನ್ನನ್ನೇ ಮೈಕ್ರೋಮೀಟರಿನಲ್ಲಿ ಅಳೆದು, ಬೇಕಾದಷ್ಟು ಸಡಿಲ ಬಿಟ್ಟು ಕೊರೆಯಬೇಕು. ಬೋರಿಂಗ್ ಮುಗಿದ ಮೇಲೆ ಪೋರ್ಟುಗಳ ಚೂಪು ಅಂಚನ್ನು ನಯಗೊಳಿಸದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ.

ಕ್ರ್ಯಾಂಕ್ ಪ್ರೆಸ್‌ನಿಂದ ಒತ್ತಿ ಜೋಡಿಸಿದ್ದು. ಕನೆಕ್ಟಿಂಗ್ ರಾಡಿನ ಬೇರಿಂಗ್ ಬದಲಿಸಿ, ಎರಡೂ ಬದಿಯನ್ನು ಡಯಲ್ ಗೇಜಿನಲ್ಲಿ ನೇರಗೊಳಿಸುವ ಕೆಲಸ ಮನೆಯಲ್ಲಿ ಆಗತಕ್ಕದ್ದಲ್ಲ. ಅನುಭವಿ ಮೇಸ್ತ್ರಿಯ ಕೈಗೇ ಒಪ್ಪಿಸಬೇಕು. ಬಿಚ್ಚುವುದು, ಶುಚಿಗೊಳಿಸುವುದು, ಕಾರ್ಬುರೇಟರ್, ಪಾಯಿಂಟ್, ಕೇಬಲ್, ವೈರಿಂಗ್, ಸೈಲೆನ್ಸರಿನ ಇಂಗಾಲ ಕೆರೆಯುವುದು, ಮರುಜೋಡಣೆ ಇವೆಲ್ಲ ಮನೆಯ ಕೆಲಸಗಳು. ಬಿಚ್ಚುವ ಮುನ್ನ ಛಾಯಾಚಿತ್ರ ತೆಗೆದು, ಪ್ರತಿ ಭಾಗದ ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಚೀಲದಲ್ಲಿ ಹಾಕಿ ಚೀಟಿ ಅಂಟಿಸಿದರೆ ಮರುಜೋಡಣೆಯಲ್ಲಿ ವಾರಗಳೇ ಉಳಿಯುತ್ತವೆ.

ಇಂದಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ಕಾಲದ ರಬ್ಬರಿಗೂ ಅದು ಹಿತವಲ್ಲ. ಆದುದರಿಂದ ಪೆಟ್ರೋಲ್ ಪೈಪು ಮತ್ತು ವಾಷರುಗಳನ್ನು ಎಥನಾಲ್ ತಡೆಯುವ ರಬ್ಬರಿಗೆ ಬದಲಿಸುವುದು, ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕ್ ಖಾಲಿ ಮಾಡುವುದು ಒಳ್ಳೆಯದು. ಲೀಟರಿಗೆ 40 ಮಿ.ಲೀ. ಟೂಟಿ ಆಯಿಲ್ ಎಂದರೆ 25ಕ್ಕೆ 1ರ ಪ್ರಮಾಣ. ಹೊಸ ಬೋರಿನ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಆಯಿಲಿನಲ್ಲಿ ಉಳಿತಾಯ ಮಾಡಬಾರದು.

ಖರ್ಚಿನ ಖಾತೆ

ಪುನರುಜ್ಜೀವನವನ್ನು ಒಂದು ಸಣ್ಣ ಜಾಬ್ ವರ್ಕ್ ಎಂದೇ ಭಾವಿಸಿ ಅಂದಾಜು ಪಟ್ಟಿ ಬರೆಯಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್, ಬ್ರೇಕು-ಚಕ್ರ-ವೈರಿಂಗ್, ಹೊರನೋಟ ಎಂಬ ಮೂರು ಬಾಬ್ತುಗಳು ಸಾಕು. ಎಂಜಿನ್ ಬಿಚ್ಚಿ ಅಳೆದ ಮೇಲಷ್ಟೇ ಅಂದಾಜನ್ನು ಅಂತಿಮಗೊಳಿಸಿ, ಅದರ ಕಾಲು ಭಾಗವನ್ನು ಅನಿರೀಕ್ಷಿತ ವೆಚ್ಚಕ್ಕೆ ಮೀಸಲಿಡುವುದು ಕ್ಷೇಮ. ಮೊದಲೆರಡು ಬಾಬ್ತು ಮುಗಿಯುವವರೆಗೆ ಮೂರನೆಯದಕ್ಕೆ ಕೈಹಾಕಬಾರದು. ಬಣ್ಣ ಕಾಣದಿದ್ದರೂ ಓಡುವ ಬೈಕಿಗೆ ಬೆಲೆ ಇದೆ. ಹೊಳೆದರೂ ಓಡದ ಬೈಕಿಗೆ ಕೊಳ್ಳುವವರು ಚೌಕಾಸಿ ಮಾಡುತ್ತಾರೆ.

ಸ್ವಂತ ಬಳಕೆಯ ಬೈಕನ್ನು ಮಾರಿದಾಗ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ. ಅದು ವೈಯಕ್ತಿಕ ವಸ್ತುವೆನಿಸುತ್ತದೆ. ಆದರೆ ಹಳೆಯ ಬೈಕುಗಳನ್ನು ಕೊಂಡು, ಸರಿಪಡಿಸಿ, ಮತ್ತೆ ಮತ್ತೆ ಮಾರುತ್ತಿದ್ದರೆ ಅದು ವ್ಯಾಪಾರ. ಅದರ ಲಾಭ ವ್ಯಾಪಾರದ ಆದಾಯ. ನೋಂದಾಯಿತ ವರ್ತಕರಾದರೆ ಹಳೆಯ ವಾಹನದ ಲಾಭಾಂಶದ ಮೇಲೆ ಜಿ.ಎಸ್.ಟಿ. ಕೂಡ ಅನ್ವಯಿಸುತ್ತದೆ. ಹವ್ಯಾಸ ಯಾವಾಗ ವ್ಯಾಪಾರವಾಯಿತೆಂದು ತೋರಿಸಲು ಬಿಲ್ಲುಗಳೇ ಆಧಾರ. ಅವನ್ನು ಒಂದು ಕಡತದಲ್ಲಿ ಕಾಪಾಡಬೇಕು.

ಸಣ್ಣ ತಯಾರಕರಿಗಿರುವ ಅವಕಾಶ

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಮತ್ತು ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೂ ಸಿಗದ ಭಾಗಗಳಲ್ಲಿ ಸಣ್ಣ ರಬ್ಬರುಗಳು, ಗ್ಯಾಸ್ಕೆಟ್ಟುಗಳು, ಬುಷ್ಷುಗಳು ಸೇರಿವೆ. ಇವು ಸಣ್ಣ ಘಟಕಗಳಿಗೆ ಸಾಧ್ಯವಾದ ಕೆಲಸಗಳೇ. ಅಡ್ಡಿಯಿರುವುದು ಪ್ರಮಾಣದಲ್ಲಿ. ಒಂದು ಅಚ್ಚಿಗೆ 30,000 ರೂ. ತಗುಲುತ್ತದೆಂದು ಊಹಿಸಿದರೆ, 100 ತುಂಡು ಮಾಡಿದಾಗ ಅಚ್ಚಿನ ವೆಚ್ಚವೇ ತಲಾ 300 ರೂ.; 500 ತುಂಡು ಮಾಡಿದರೆ 60 ರೂ. ಆದ್ದರಿಂದ ಬೈಕುಪ್ರಿಯರ ಕ್ಲಬ್ಬುಗಳಿಂದ ಮುಂಗಡ ಸಹಿತ ಬೇಡಿಕೆ ಸಂಗ್ರಹಿಸಿ, ಆಮೇಲೆ ಅಚ್ಚು ಮಾಡಿಸುವುದು ಜಾಣತನ.

ವ್ಯಾಪಾರ ಚಿಹ್ನೆಯ ವಿಷಯದಲ್ಲಿ ಎಚ್ಚರ ಅಗತ್ಯ. ಇಂತಹ ಬೈಕಿಗೆ ಹೊಂದುವ ಭಾಗ ಎಂದು ತಿಳಿಸಲು ಅಗತ್ಯವಿರುವಷ್ಟು ಮಟ್ಟಿಗೆ ಹೆಸರನ್ನು ಬಳಸಲು 1999ರ ವ್ಯಾಪಾರ ಚಿಹ್ನೆಗಳ ಕಾಯ್ದೆಯ 30ನೆಯ ಕಲಮು ಅವಕಾಶ ನೀಡುತ್ತದೆ. ಆದರೆ ಭಾಗದ ಮೇಲೆ ಅಥವಾ ಪೊಟ್ಟಣದ ಮೇಲೆ ಮೂಲ ಕಂಪನಿಯ ಲಾಂಛನವನ್ನೇ ಮುದ್ರಿಸಿ ಅಸಲಿಯೆಂಬಂತೆ ಮಾರುವುದು ಅಪರಾಧ. ತಯಾರಕರು ತಮ್ಮದೇ ಹೆಸರಿನಲ್ಲಿ ಮಾರಬೇಕು. ಗುಣಮಟ್ಟ ಚೆನ್ನಾಗಿದ್ದರೆ ಆ ಹೆಸರಿಗೇ ಬೆಲೆ ಬರುತ್ತದೆ.

ಮೂಲ ನಕ್ಷೆಗಳು ಸಣ್ಣ ತಯಾರಕರ ಕೈಗೆಟುಕುವುದಿಲ್ಲ. ಹೀಗಾಗಿ ಬೈಕಿನಿಂದ ಬಿಚ್ಚಿದ ಹಳೆಯ ತುಂಡೇ ಅನೇಕ ವೇಳೆ ಏಕೈಕ ನಕ್ಷೆ. ಸವೆಯದ ಭಾಗದಿಂದ ಅಳತೆ ಹಿಡಿದು, ಲೋಹ ಯಾವುದೆಂದು ಪರೀಕ್ಷಿಸಿ, ಚಿತ್ರ ಬರೆದಿಟ್ಟುಕೊಂಡ ಕಾರ್ಯಾಗಾರಕ್ಕೆ ಮುಂದಿನ ಗಿರಾಕಿಯ ಕೆಲಸ ಸುಲಭ. ಕೈ ಅಂದಾಜಿನಲ್ಲೇ ಅಳತೆ ಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ಕೆಲಸದಲ್ಲಿರುವಾಗಲೇ ಅವರ ಪಕ್ಕದಲ್ಲಿ ಹುಡುಗನೊಬ್ಬನನ್ನು ಕೂರಿಸಿ ಅದನ್ನೆಲ್ಲ ಪುಸ್ತಕಕ್ಕೆ ಇಳಿಸಿಡಬೇಕು. ಅಲ್ಲಿಯವರೆಗೆ ಹಳೆಯ ತುಂಡನ್ನು ಗುಜರಿಗೆ ಹಾಕಬಾರದು.