ಕೈಕಸುಬು ಮತ್ತು ಪುಸ್ತಕ: ಸ್ವಾವಲಂಬಿ ಜೀವನದ ಸಾಧನಗಳು

ಬೆಂಗಳೂರಿನಿಂದ ಮುಂಬಯಿಗೆ ಸಾಗುವ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಕಲಬುರಗಿ, ಸೊಲ್ಲಾಪುರಗಳನ್ನು ದಾಟಿ ಭೀಮಾ ನದಿಯ ಸಮೀಪದಲ್ಲಿರುವ ದೌಂಡ ಜಂಕ್ಷನ್ನನ್ನು ತಲುಪುತ್ತದೆ. ಅಲ್ಲಿಂದ ಪುಣೆಯ ಕಡೆಗೆ ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಕೇಡಗಾಂವ್ ಎಂಬ ಚಿಕ್ಕ ನಿಲ್ದಾಣ ಹಿಂದೆ ಸರಿಯುತ್ತದೆ. ದೌಂಡ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ, ಕರ್ನಾಟಕದ ನೆಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1898ರಲ್ಲಿ ಸ್ಥಾಪಿಸಿದ ಮುಕ್ತಿ ಸದನವಿದೆ. ಮಿತವ್ಯಯದಿಂದಲೂ ಸ್ವಂತ ದುಡಿಮೆಯಿಂದಲೂ ಬಾಳಬಯಸುವ ಕುಟುಂಬವೊಂದಕ್ಕೆ ಯಾವ ಉಪಕರಣಗಳು ಬೇಕು, ಯಾವ ಪುಸ್ತಕಗಳು ನೆರವಾಗುತ್ತವೆ ಎಂಬ ಪ್ರಶ್ನೆಗೆ ಈ ಸಂಸ್ಥೆಯ ಇತಿಹಾಸದಲ್ಲಿ ದೊರೆಯುವಷ್ಟು ಸ್ಪಷ್ಟವಾದ ಉತ್ತರ ಅಂಗಡಿಯ ಬೆಲೆಪಟ್ಟಿಯಲ್ಲಿ ದೊರೆಯಲಾರದು.

ರಮಾಬಾಯಿಯವರು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯಪ್ರದೇಶದಲ್ಲಿ ಜನಿಸಿದರು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಸ್ತ್ರೀಯರಿಗೆ ಸಂಸ್ಕೃತ ಕಲಿಸಬಾರದೆಂಬ ಅಂದಿನ ನಿಷೇಧವನ್ನು ಲೆಕ್ಕಿಸದೆ ಪತ್ನಿ ಲಕ್ಷ್ಮೀಬಾಯಿಯವರಿಗೆ ವಿದ್ಯೆ ಕಲಿಸಿದರು. ಆ ತಾಯಿಯಿಂದಲೇ ಮಗಳು ಕಲಿತಳು. ತೀರ್ಥಕ್ಷೇತ್ರಗಳಲ್ಲಿ ಪುರಾಣ ವಾಚಿಸುತ್ತ ಊರಿಂದೂರಿಗೆ ಸಂಚರಿಸುತ್ತಿದ್ದ ಈ ಕುಟುಂಬ ಬರಗಾಲಕ್ಕೆ ಸಿಲುಕಿತು. 1874ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ತಂದೆ, ತಾಯಿ ಮತ್ತು ಅಕ್ಕ ಹಸಿವಿನಿಂದ ಬಳಲಿ ತೀರಿಕೊಂಡರು. ಸಹಸ್ರಾರು ಶ್ಲೋಕಗಳು ಕಂಠಸ್ಥವಾಗಿದ್ದರೂ ಹೊಟ್ಟೆ ಹೊರೆಯುವ ಯಾವ ಕೆಲಸವೂ ತಮಗೆ ತಿಳಿದಿರಲಿಲ್ಲವೆಂಬ ಸಂಗತಿಯನ್ನು ರಮಾಬಾಯಿಯವರು ಮುಂದೆ ತಮ್ಮ ಆತ್ಮನಿವೇದನೆಯಲ್ಲಿ ನಿಸ್ಸಂಕೋಚವಾಗಿ ದಾಖಲಿಸಿದ್ದಾರೆ. ಶ್ರಮದ ಕೆಲಸ ಮಾಡಲು ಜಾತಿಯ ಅಭಿಮಾನ ಅಡ್ಡಿಯಾಯಿತು. ಭಿಕ್ಷೆ ಬೇಡಲು ಮನಸ್ಸು ಒಪ್ಪಲಿಲ್ಲ. ವಿದ್ಯೆಯಿದ್ದೂ ಕಸುಬಿಲ್ಲದ ಮನೆಯೊಂದು ಹೀಗೆ ಅಳಿದುಹೋಯಿತು. ಕೇಡಗಾಂವ್‌ನಲ್ಲಿ ಅವರು ಕಟ್ಟಿದ ವ್ಯವಸ್ಥೆಯ ಬೇರು ಈ ಅನುಭವದಲ್ಲಿದೆಯೆಂದು ಭಾವಿಸಲು ಸಾಕಷ್ಟು ಆಧಾರವಿದೆ.

ಪುಸ್ತಕಗಳು ಅವರ ಕೈಬಿಡಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. 1882ರಲ್ಲಿ ಪುಣೆಯಲ್ಲಿ ಮರಾಠಿಯಲ್ಲಿ ಬರೆದ 'ಸ್ತ್ರೀಧರ್ಮನೀತಿ' ಎಂಬ ಗ್ರಂಥದ ಮಾರಾಟದ ಹಣ ಮರುವರ್ಷದ ಇಂಗ್ಲೆಂಡ್ ಪ್ರಯಾಣಕ್ಕೆ ಒದಗಿತು. 1887ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಇಂಗ್ಲಿಷ್ ಗ್ರಂಥ ಅವರ ಮುಂದಿನ ಕಾರ್ಯಕ್ಕೆ ಧನವನ್ನೂ ಸಹಾನುಭೂತಿಯನ್ನೂ ಗಳಿಸಿಕೊಟ್ಟಿತು. ಅಲ್ಲಿದ್ದಾಗಲೇ ಅವರು ಫ್ರೋಬೆಲ್ ಅವರ ಶಿಶುವಿಹಾರ ಪದ್ಧತಿಯನ್ನು ಅಭ್ಯಸಿಸಿದರು. ಮಗುವಿನ ಕೈಗೆ ಮರದ ಗುಂಡು, ಚೌಕ, ದಾರಗಳನ್ನು ಕೊಟ್ಟು ಕೈಯ ಮೂಲಕವೇ ಬುದ್ಧಿಯನ್ನು ಬೆಳೆಸುವ ಪದ್ಧತಿಯಿದು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಅವರು ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು.

ಸದನದ ವೆಚ್ಚವನ್ನು ಅಮೆರಿಕದ ಸಂಘವೊಂದು ವಹಿಸಿಕೊಂಡಿತ್ತಾದರೂ ಅದರ ವಾಗ್ದಾನವಿದ್ದುದು ಕೇವಲ ಹತ್ತು ವರ್ಷಗಳಿಗೆ. ಅವಧಿ ಮುಗಿದ ಮೇಲೆ ಏನು? ಈ ಪ್ರಶ್ನೆಗೆ ಉತ್ತರವಾಗಿ ರಮಾಬಾಯಿಯವರು ಅವಧಿ ತೀರುವ ಮುನ್ನವೇ ಕೇಡಗಾಂವ್‌ನಲ್ಲಿ ಜಮೀನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡಗಳನ್ನು ನೆಡಿಸಿದರು. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಪ್ರದೇಶದಲ್ಲಿ ಬಾವಿಯೇ ಮೊದಲ ಉಪಕರಣವೆಂದರೆ ತಪ್ಪಾಗದು. 1896-97ರ ಕ್ಷಾಮಕಾಲದಲ್ಲಿ ಅವರು ಮಧ್ಯಪ್ರಾಂತ್ಯಕ್ಕೆ ತೆರಳಿ ಅನಾಥ ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಆಗ ಪ್ಲೇಗ್ ಹರಡಿತ್ತು. ಮಕ್ಕಳಿಗೆ ನೆಲೆಯಾದುದು ಈ ಹೊಲವೇ. 1900ರ ಹೊತ್ತಿಗೆ ಮುಕ್ತಿ ಸದನದಲ್ಲಿ ಸುಮಾರು 1500 ಮಂದಿ ನಿವಾಸಿಗಳೂ ನೂರಕ್ಕೂ ಮಿಕ್ಕಿದ ಜಾನುವಾರುಗಳೂ ಇದ್ದುವು.

ಅಷ್ಟು ಜನರಿಗೆ ಅನ್ನ, ಬಟ್ಟೆ, ಎಣ್ಣೆಗಳನ್ನು ಒದಗಿಸುವುದು ಸಾಮಾನ್ಯ ಮಾತಲ್ಲ. ವ್ಯವಸಾಯ, ತೋಟಗಾರಿಕೆ, ಹೈನು, ಗಾಣ, ನೇಯ್ಗೆ, ಹೊಲಿಗೆ, ಮುದ್ರಣ ಮೊದಲಾದ ಕೆಲಸಗಳು ಅಲ್ಲಿ ನಡೆದುವು. ಇವು ಒಂದಕ್ಕೊಂದು ಹೊಂದಿಕೊಳ್ಳುವ ಕೆಲಸಗಳೆಂಬುದು ಗಮನಾರ್ಹ. ಗಾಣದಿಂದ ಎಣ್ಣೆ ಅಡುಗೆಮನೆಗೆ ಬರುತ್ತದೆ. ಉಳಿದ ಹಿಂಡಿ ಹಸುವಿನ ಮೇವಿನೊಡನೆ ಸೇರುತ್ತದೆ. ಹಸುವಿನ ಸೆಗಣಿ ಹೊಲಕ್ಕೆ ಗೊಬ್ಬರವಾಗಿ ಹಿಂದಿರುಗುತ್ತದೆ. ಹಳ್ಳಿಯ ಒಕ್ಕಲಿಗನಿಗೆ ಇದು ಹೊಸ ವಿಷಯವೇನೂ ಅಲ್ಲ. ಹೊಸದಾಗಿದ್ದುದು ಇಷ್ಟೇ: ಈ ಕೆಲಸಗಳನ್ನು ಮಾಡುತ್ತಿದ್ದವರು ಮನೆಮಂದಿಯಿಂದ ದೂರವಾದ ಹೆಣ್ಣುಮಕ್ಕಳು, ಮತ್ತು ಕಸುಬಿನ ಜೊತೆಗೆ ಅವರಿಗೆ ಅಕ್ಷರವನ್ನೂ ಕಲಿಸಲಾಗುತ್ತಿತ್ತು. ದೃಷ್ಟಿಯಿಲ್ಲದವರೂ ಹೊರಗುಳಿಯಲಿಲ್ಲ, ಅವರು ಬ್ರೈಲ್ ಲಿಪಿಯಲ್ಲಿ ಓದಲು ಕಲಿತರು, ಬುಟ್ಟಿ ಹೆಣೆಯಲು ಕಲಿತರು.

ಮುದ್ರಣಾಲಯದ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳಬೇಕು. ಏಕೆಂದರೆ ಪುಸ್ತಕ ಮತ್ತು ಉಪಕರಣ ಎಂಬ ಭೇದವೇ ಅಲ್ಲಿ ಅಳಿಸಿಹೋಗುತ್ತದೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಆರಿಸಿ, ತಲೆಕೆಳಗಾಗಿ ಸಾಲು ಜೋಡಿಸಿ, ಕರಡು ತೆಗೆದು ತಿದ್ದಿ, ಅಚ್ಚಾದ ಹಾಳೆಗಳನ್ನು ಮಡಿಸಿ ಹೊಲಿಯುವವರೆಗಿನ ಕೆಲಸದಲ್ಲಿ ಓದು ಬಲ್ಲವಳಿಗೆ ಕಸುಬು ದೊರೆಯುತ್ತದೆ, ಕಸುಬು ಮಾಡುವವಳಿಗೆ ಓದು ಗಟ್ಟಿಯಾಗುತ್ತದೆ. ರಮಾಬಾಯಿಯವರು ಅನೇಕ ವರ್ಷ ಶ್ರಮಿಸಿ ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸರಳ ಮರಾಠಿಗೆ ತಂದ ಬೈಬಲ್ ಗ್ರಂಥ ಇದೇ ಮುದ್ರಣಾಲಯದಲ್ಲಿ ಸಂಸ್ಥೆಯ ಮಹಿಳೆಯರ ಕೈಯಿಂದಲೇ ಅಚ್ಚಾಗಿ, ಅವರು 1922ರಲ್ಲಿ ನಿಧನರಾದ ತರುವಾಯ 1924ರಲ್ಲಿ ಹೊರಬಂದಿತು. ಅವರ ಮಗಳು ಮನೋರಮಾಬಾಯಿಯವರು ಈ ಶಿಕ್ಷಣವನ್ನು ಇದೇ ರೈಲುಮಾರ್ಗದಲ್ಲಿರುವ ಕಲಬುರಗಿಗೂ ಕೊಂಡೊಯ್ದು 1912ರಲ್ಲಿ ಅಲ್ಲಿ ಶಾಲೆಯನ್ನು ಸ್ಥಾಪಿಸಿದರೆಂಬುದನ್ನು ಕನ್ನಡಿಗರು ಸ್ಮರಿಸಬಹುದು.

ಸಂಸ್ಥೆಯು ತನ್ನ ಸಮಸ್ತ ವೆಚ್ಚವನ್ನೂ ದುಡಿಮೆಯಿಂದಲೇ ಭರಿಸಿತೆಂದು ಹೇಳುವುದು ಮಾತ್ರ ಸರಿಯಾಗದು. ದೇಶವಿದೇಶಗಳ ದಾನ ಬರುತ್ತಲೇ ಇತ್ತು. ಸ್ವಾವಲಂಬನೆಯೆಂದರೆ ಯಾರ ಸಹಾಯವನ್ನೂ ಪಡೆಯದಿರುವುದಲ್ಲ. ಸಹಾಯ ನಿಂತಾಗ ಕುಸಿಯದಿರುವುದು. ಗಾಣ, ಮಗ್ಗ, ಹೊಲಗಳು ಆ ಆಧಾರವನ್ನು ಕೊಟ್ಟುವು.

ಒಂದು ಸಾಮಗ್ರಿ ಬಡಕುಟುಂಬಕ್ಕೆ ಆಧಾರವಾಗುವುದೋ ಹೊರೆಯಾಗುವುದೋ ಎಂಬುದನ್ನು ಕೊಳ್ಳುವ ಮುನ್ನವೇ ಅಳೆಯುವುದು ಹೇಗೆ? ಇದಕ್ಕೆ ಅತ್ಯುತ್ತಮವಾದ ಅಳತೆಗೋಲನ್ನು 1929ರಲ್ಲಿ ಅಖಿಲ ಭಾರತ ಚರಕಾ ಸಂಘವು ನೀಡಿತು. ಸುಧಾರಿತ ಚರಕವನ್ನು ರೂಪಿಸಿದವರಿಗೆ ಸಂಘವು ಗಾಂಧೀಜಿಯವರ ಪ್ರೇರಣೆಯಿಂದ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಘೋಷಿಸಿತ್ತು. ಅದರ ನಿಬಂಧನೆಗಳು ಇಂದಿಗೂ ಓದತಕ್ಕವು. ಯಂತ್ರವು ಹಗುರವಾಗಿರಬೇಕು, ಹಳ್ಳಿಯ ಗುಡಿಸಿಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು, ಹೆಂಗಸೊಬ್ಬಳು ಅತಿಯಾದ ಆಯಾಸವಿಲ್ಲದೆ ಎಂಟು ಗಂಟೆ ದುಡಿಯುವಂತಿರಬೇಕು ಮತ್ತು ಆ ಅವಧಿಯಲ್ಲಿ 16,000 ಗಜ ನೂಲು ದೊರೆಯಬೇಕು. ಬೆಲೆ 150 ರೂಪಾಯಿ ಮೀರಬಾರದು. ಇಪ್ಪತ್ತು ವರ್ಷ ಬಾಳಿಕೆ ಬರಬೇಕು. ಸವೆದ ಬಿಡಿಭಾಗಗಳನ್ನು ಬದಲಿಸುವ ವಾರ್ಷಿಕ ವೆಚ್ಚ ಬೆಲೆಯ ನೂರಕ್ಕೆ ಐದರಷ್ಟನ್ನು ದಾಟಬಾರದು. ಬಹುಮಾನ ಯಾರಿಗೂ ಸಲ್ಲಲಿಲ್ಲವೆಂಬುದು ನಿಜ. ಆದರೆ ಮಡಿಸಿ ಒಯ್ಯಬಲ್ಲ ಪೆಟ್ಟಿಗೆ ಚರಕ ಪುಣೆಯ ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯವರ ಪ್ರಯೋಗಗಳಿಂದ ರೂಪುಗೊಂಡು ಅದೇ ಸೆರೆಮನೆಯ ಹೆಸರಿನಿಂದ ಪ್ರಸಿದ್ಧವಾಯಿತು.

ಈ ನಿಬಂಧನೆಗಳಲ್ಲಿ ಕೊನೆಯದನ್ನೇ ಜನರು ಸಾಮಾನ್ಯವಾಗಿ ಮರೆಯುತ್ತಾರೆ. ಬೆಲೆಯನ್ನು ಎಲ್ಲರೂ ವಿಚಾರಿಸುತ್ತಾರೆ. ರಿಪೇರಿಯನ್ನು ವಿಚಾರಿಸುವವರು ವಿರಳ. ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಈ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಅದಕ್ಕೆ ವಿದ್ಯುತ್ತು ಬೇಡ. ಸೂಜಿ, ಬೆಲ್ಟು, ಎಣ್ಣೆಗಳು ಹೋಬಳಿಯ ಊರಿನಲ್ಲಿಯೂ ಸಿಗುತ್ತವೆ. ಸರಿಯಾಗಿ ನೋಡಿಕೊಂಡರೆ ತಾಯಿಯ ಯಂತ್ರ ಮಗಳಿಗೆ ಬರುತ್ತದೆ. ಹರಿದ ಬಟ್ಟೆಯನ್ನು ಮನೆಯಲ್ಲಿಯೇ ಸರಿಪಡಿಸುವುದು ಉಳಿತಾಯ, ನೆರೆಯವರ ರವಿಕೆ ಹೊಲಿಯುವುದು ಸಂಪಾದನೆ. ಸೈಕಲ್ಲು, ಅದರ ಪಂಕ್ಚರ್ ಸಾಮಗ್ರಿಗಳು, ಒಂದು ಒಳ್ಳೆಯ ಕುಡುಗೋಲು, ಗುದ್ದಲಿ, ಸುತ್ತಿಗೆ, ಇಕ್ಕಳ ಇವುಗಳ ವಿಷಯದಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ.

ಅಡುಗೆಯ ಇಂಧನ ಇನ್ನೊಂದು ದೊಡ್ಡ ಖರ್ಚು. ಇದರಲ್ಲಿ ಅತ್ಯಂತ ಅಗ್ಗವಾದ ಸಾಧನವೆಂದರೆ ಹುಲ್ಲಿನ ಪೆಟ್ಟಿಗೆ. ಮರದ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಒಣಹುಲ್ಲನ್ನು ಎಲ್ಲ ಕಡೆಯೂ ನಾಲ್ಕು ಬೆರಳಿಗಿಂತ ಹೆಚ್ಚು ದಪ್ಪನಾಗಿ ತುಂಬಿ, ನಡುವೆ ಪಾತ್ರೆಗೆ ತಕ್ಕ ಗೂಡು ಮಾಡಬೇಕು. ಅಕ್ಕಿ ಕೆಲವು ನಿಮಿಷ ಚೆನ್ನಾಗಿ ಕುದಿದ ಮೇಲೆ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿ ಗೂಡಿನಲ್ಲಿಟ್ಟು ಮೇಲೆ ಹುಲ್ಲಿನ ದಿಂಬು ಹೊದಿಸಿದರೆ, ಒಳಗೆ ಉಳಿದ ಶಾಖದಿಂದಲೇ ಅನ್ನ ಸುಮಾರು ಒಂದು ಗಂಟೆಯಲ್ಲಿ ಆಗುತ್ತದೆ. ನೆನೆಸಿದ ಬೇಳೆಕಾಳುಗಳನ್ನು ಇನ್ನಷ್ಟು ಹೊತ್ತು ಕುದಿಸಿ, ಎರಡು ಮೂರು ಗಂಟೆ ಇಡಬೇಕಾಗುವುದು. ಆಹಾರವನ್ನು ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಬಿಡಬಾರದು. ಉಗುರುಬೆಚ್ಚಗಾದೊಡನೆ ಅದು ಕೆಡತೊಡಗುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ರೂಪಿಸಿದ ಅಸ್ತ್ರ ಒಲೆಯನ್ನು ಕರ್ನಾಟಕದ ಹಲವು ಜಿಲ್ಲೆಗಳ ಜನರು ಬಲ್ಲರು. ಮೂರು ಪಾತ್ರೆಗಳನ್ನಿಡುವ ಈ ಮುಚ್ಚಿದ ಒಲೆಯಲ್ಲಿ ಸೌದೆ ಕಡಿಮೆ ಸಾಕು. ಹೊಗೆಯು ಚಿಮಣಿಯ ಮೂಲಕ ಹೊರಹೋಗುವುದರಿಂದ ಅಡುಗೆ ಮಾಡುವವರ ಕಣ್ಣಿಗೂ ಶ್ವಾಸಕೋಶಕ್ಕೂ ರಕ್ಷಣೆ. 1983ರಿಂದ 2002ರವರೆಗೆ ನಡೆದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶಾದ್ಯಂತ ಇಂತಹ ಒಲೆಗಳನ್ನು ಹಾಕಿಸಲಾಯಿತು. ಆದರೆ ಚಿಮಣಿಯ ಮಸಿಯನ್ನು ಆಗಾಗ ತೆಗೆಯದ, ಬಿರುಕಿಗೆ ಮಣ್ಣು ಮೆತ್ತದ ಮನೆಗಳಲ್ಲಿ ಒಲೆಗಳು ಬೇಗನೆ ಮೂಲೆಗುಂಪಾದುವು. ಒಲೆಯನ್ನು ಕಟ್ಟಿಕೊಟ್ಟವರು ಹೊರಟುಹೋದ ಮೇಲೆ ಅದನ್ನು ತಿದ್ದಬಲ್ಲವರು ಊರಿನಲ್ಲಿ ಇರಲಿಲ್ಲ. ಉಪಕರಣ ಬಂದು ಕಸುಬು ಬಾರದಿದ್ದರೆ ಆಗುವುದು ಹೀಗೆಯೇ.

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರವು ಆರಂಭಿಸಿದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣವನ್ನೂ ತರಬೇತಿಯನ್ನೂ ಜೊತೆಗೂಡಿಸಿರುವುದು ಈ ದೃಷ್ಟಿಯಿಂದ ಯುಕ್ತವಾದುದು. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಬುಟ್ಟಿ ಹೆಣೆಯುವವರು ಮುಂತಾದ 18 ಕಸುಬುಗಳವರಿಗೆ ಮೂಲ ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆಯೂ, ಉಪಕರಣಗಳನ್ನು ಕೊಳ್ಳಲು 15,000 ರೂಪಾಯಿಗಳವರೆಗೆ ನೆರವೂ ಇದರಲ್ಲಿ ಉಂಟು.

ಇನ್ನು ಪುಸ್ತಕಗಳು. ಕೇಡಗಾಂವ್‌ನಿಂದ ಪುಣೆಯ ಕಡೆಗೆ ಕೆಲವೇ ನಿಲ್ದಾಣಗಳ ಆಚೆ ಇರುವ ಉರುಳಿ ಕಾಂಚನದ ಕಥೆ ಇಲ್ಲಿ ಪ್ರಸ್ತುತ. ಗಾಂಧೀಜಿಯವರು 1942ರಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದಾಗ ಆರೋಗ್ಯವನ್ನು ಕುರಿತು ಚಿಕ್ಕ ಪುಸ್ತಕವೊಂದನ್ನು ಬರೆದರು. ಮಣ್ಣು, ನೀರು, ಬಿಸಿಲು, ಗಾಳಿ ಮತ್ತು ಮಿತಾಹಾರ ಬಡವನಿಗೂ ದೊರೆಯುವ ಸಾಧನಗಳೆಂಬುದು ಅದರ ತಿರುಳು. 1946ರ ಮಾರ್ಚ್‌ನಲ್ಲಿ ಅವರು ಉರುಳಿ ಕಾಂಚನಕ್ಕೆ ಬಂದು ನಿಸರ್ಗೋಪಚಾರ ಆಶ್ರಮಕ್ಕೆ ಅಡಿಪಾಯ ಹಾಕಿದರು. ಅಲ್ಲಿಯೇ ಉಳಿದ ಮಣಿಭಾಯಿ ದೇಸಾಯಿಯವರು ಕ್ರಮೇಣ ರೋಗಿಯ ಚಿಕಿತ್ಸೆಯಿಂದ ಹಳ್ಳಿಯ ಬಡತನದ ಚಿಕಿತ್ಸೆಗೆ ತಿರುಗಿ, 1967ರಲ್ಲಿ ಹೈನುರಾಸುಗಳ ತಳಿ ಸುಧಾರಣೆಗಾಗಿ ಬೈಫ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕಾರ್ಯ ಕರ್ನಾಟಕದ ತಿಪಟೂರಿನವರೆಗೂ ವ್ಯಾಪಿಸಿತು. ತೀವ್ರವಾದ ಜ್ವರ, ಸೋಂಕು ಮೊದಲಾದವುಗಳಲ್ಲಿ ಪುಸ್ತಕವನ್ನು ನೆಚ್ಚಿ ಕುಳಿತುಕೊಳ್ಳದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಬದುಕಿಗೆ ಬೇಕಾದ ಅರಿವನ್ನು ತಿಳಿಗನ್ನಡದಲ್ಲಿ ಕೊಡುವ ಪರಂಪರೆ ಹಳೆಯದು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದರು. ಶಿವರಾಮ ಕಾರಂತರ 'ಬಾಲಪ್ರಪಂಚ' 1936ರಲ್ಲಿ ಬಂದಿತು. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ರೈತರ ಕೈಗೇ ಲೇಖನಿಯನ್ನು ಕೊಟ್ಟಿತು. ತಾವು ಮಾಡಿ ನೋಡಿದ್ದನ್ನು ರೈತರೇ ಬರೆಯುವುದರಿಂದ ಅಂತಹ ಬರಹದಲ್ಲಿ ಖರ್ಚಿನ ಲೆಕ್ಕವೂ ಸೋತ ಪ್ರಯೋಗವೂ ಸಿಗುತ್ತವೆ. ಗೆಲುವನ್ನಷ್ಟೇ ಹೇಳುವ ಪುಸ್ತಕಗಳಿಗಿಂತ ಇವು ಹೆಚ್ಚು ಉಪಯುಕ್ತ. ಇವೆಲ್ಲವನ್ನೂ ಕೊಳ್ಳಬೇಕೆಂದಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಫಲವಾಗಿ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲ ಬೆಳೆದಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಇದೀಗ ಅರಿವು ಕೇಂದ್ರಗಳೆನಿಸಿವೆ.

ಮನೆಯಲ್ಲಿ ಸ್ವಂತಕ್ಕೆ ಇರಲೇಬೇಕಾದ ಪುಸ್ತಕ ಒಂದೇ, ಅದು ಅಚ್ಚಾದುದಲ್ಲ. ಗೆರೆ ಎಳೆದ ಸಾಧಾರಣ ನೋಟುಪುಸ್ತಕದಲ್ಲಿ ದಿನದ ಜಮೆ, ಖರ್ಚು, ಸಾಲಗಳನ್ನು ಬರೆಯುವುದರ ಜೊತೆಗೆ, ಪ್ರತಿಯೊಂದು ಉಪಕರಣಕ್ಕೂ ಒಂದು ಪುಟವನ್ನು ಮೀಸಲಿಡಬೇಕು. ಕೊಂಡ ದಿನಾಂಕ, ಕೊಟ್ಟ ಬೆಲೆ, ಪ್ರತಿ ರಿಪೇರಿಯ ವೆಚ್ಚ, ಅದರಿಂದ ಬಂದ ಆದಾಯ ಅಥವಾ ಉಳಿತಾಯ ಆ ಪುಟದಲ್ಲಿರಲಿ. ವರ್ಷದ ಕೊನೆಗೆ ರಿಪೇರಿಯ ಮೊತ್ತ ಬೆಲೆಯ ಇಪ್ಪತ್ತನೇ ಒಂದು ಭಾಗವನ್ನು ಮೀರಿತೇ ಎಂಬುದನ್ನು ಅಕ್ಷರ ಬಲ್ಲ ಮಕ್ಕಳೇ ಕೂಡಿಸಿ ನೋಡಬಹುದು.